ದೊರೆಯ ಕಿವಿ

ಮನೆ, ಮಾರ್ಚ್ ೧೪, ಸಂಜೆ

ನನ್ನ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮೆಟ್ಟಿಲು ಹತ್ತಬೇಡ ಎಂದರೆ ನೀನು ಕೇಳುವವಳಲ್ಲ, ಗೊತ್ತು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ; ಈ ಸಲ ಸುಮ್ಮನೆ ಬರೆದ ಮಾತಲ್ಲ. ನಿನ್ನ ಮುದ್ದಿನ ತಮ್ಮ ದೊರೆ ಇವತ್ತು ಮತ್ತೆ ಕೆಲಸಕ್ಕೆ ಹೋಗಿ ಬಂದ!

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬೆಡ್‌ಶೀಟ್ ಮಡಚಿದವನನ್ನು, ಕರೆದರೆ ತಿರುಗುವುದಿಲ್ಲ, ಹಿಂದಿನಿಂದ ಗಾಡಿ ಬಂದರೂ ಸರಿಯುವುದಿಲ್ಲ ಎಂದು ಸೂಪರ್‌ವೈಸರ್ ಮನೆಗೆ ಕಳಿಸಿದ್ದು ನಿನಗೆ ಗೊತ್ತೇ ಇದೆ. ನಮ್ಮ ಡಾಕ್ಟರು ತಲೆ ಕೂಡ ಎತ್ತದೆ, "ಹುಟ್ಟಿನಿಂದಲೇ ಬುದ್ಧಿ ನಿಧಾನ. ಇಂಥವರಿಗೆ ಐವತ್ತು ದಾಟಿದ್ರೆ ಮರೆವು ಬರುತ್ತೆ, ಏನೂ ಮಾಡೋಕಾಗಲ್ಲ" ಎಂದುಬಿಟ್ಟರು. ನಾನೂ ಅತ್ತು ಸುಮ್ಮನಾದೆ. ಹೋದ ತಿಂಗಳು ನೋಡುತ್ತೇನೆ, ದೊರೆ ಬಟ್ಟೆ ಒಗೆಯುವ ಮೆಷಿನ್ ಮೇಲೆ ಅಂಗೈ ಊರಿ ನಿಂತಿದ್ದಾನೆ. ಮೊದಲೆಲ್ಲ ಅದರ ಪೀಂ ಸದ್ದಿಗೆ ಹಿತ್ತಿಲಿನಿಂದ ಓಡಿಬರುತ್ತಿದ್ದವನು, ಈಗ ನಡುಕ ನಿಂತದ್ದನ್ನು ಕೈಯಲ್ಲೇ ತಿಳಿದು ಬಾಗಿಲು ತೆಗೆದ. ಮರೆವಿನವನಿಗೆ ಇಂಥ ಉಪಾಯ ಹೊಳೆಯುತ್ತದೆಯೇ, ಅಕ್ಕಾ?

ಮರುದಿನವೇ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಎರಡೂ ಕಿವಿಯಲ್ಲಿ ಗುಗ್ಗೆ ಕಲ್ಲಿನಂತೆ ಕೂತಿತ್ತು! ಐದು ದಿನ ಹನಿ ಔಷಧಿ ಹಾಕಿ ಮತ್ತೆ ಹೋದೆವು. ನೀರಿನ ಪಿಚಕಾರಿ ಕಂಡದ್ದೇ ದೊರೆ ಕುರ್ಚಿ ಬಿಟ್ಟೆದ್ದ. ನರ್ಸಮ್ಮ ಗದರಲಿಲ್ಲ; ಪಿಚಕಾರಿಯನ್ನು ಅವನಿಗೇ ಕೊಟ್ಟು ತನ್ನ ಅಂಗೈ ಚಾಚಿದಳು. ಅವಳ ತೋಳೆಲ್ಲ ತೋಯಿಸಿದ ಮೇಲೆ ಮಹಾರಾಜರು ಗಂಭೀರವಾಗಿ ಕಿವಿ ಒಡ್ಡಿದರು. ಕರೀ ಉಂಡೆಗಳು ತಟ್ಟೆಗೆ ಬಿದ್ದವು. "ಆಯ್ತಾ ದೊರೆ?" ಎಂದು ರೂಢಿಯಂತೆ ಕೂಗಿದೆ. ಅವನು ಕಿವಿ ಮುಚ್ಚಿಕೊಂಡು, "ಯಾಕೆ ಕಿರುಚ್ತೀಯಾ? ನಾನೇನು ಕಿವುಡನಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು; ನನ್ನ ಕಣ್ಣು ತುಂಬಿ ಬಂತು. "ವರ್ಷಕ್ಕೊಮ್ಮೆ ಕಿವಿ, ಕಣ್ಣು, ಥೈರಾಯ್ಡ್ ನೋಡಿಸಿ. ಮರೆವಿನ ಮಾತು ಆಮೇಲೆ" ಎಂದರು ಕಿವಿ ಡಾಕ್ಟರು. ಕಣ್ಣಿಗೂ ರಕ್ತಪರೀಕ್ಷೆಗೂ ದಿನ ಗೊತ್ತುಮಾಡಿಕೊಂಡೇ ಬಂದೆ.

ನಿನ್ನೆ ಅವರ ಚೀಟಿ ಹಿಡಿದು ಸೂಪರ್‌ವೈಸರ್ ಮುಂದೆ ನಿಂತೆ. ಅವರು ದೊರೆಯ ಬೆನ್ನ ಹಿಂದೆ ಹೋಗಿ ಮೆಲ್ಲಗೆ, "ನಾಳೆ ಬರ್ತೀಯಾ?" ಎಂದರು. "ಎಂಟು ಗಂಟೆಗೆ. ನೀವು ಲೇಟ್ ಮಾಡ್ಬೇಡಿ" ಎಂದ, ತಿರುಗಿಯೂ ನೋಡದೆ!

ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ನನ್ನ ಮುತ್ತು ಕೊಡು.

ನಿನ್ನ ತಂಗಿ,
ಪುಟ್ಟಿ

ಮುಖ್ಯವಾದದ್ದೇ ಬಿಟ್ಟೆ: ನೀನು ಫೋನ್ ಮಾಡಿದಾಗಲೆಲ್ಲ ದೊರೆ ಅದನ್ನು ಕೆಳಗಿಟ್ಟು ಎದ್ದು ಹೋಗುತ್ತಿದ್ದನಲ್ಲ, 'ನನ್ನನ್ನೂ ಮರೆತುಬಿಟ್ಟ' ಎಂದು ನೀನು ಅತ್ತಿದ್ದೆಯಲ್ಲ, ಮರೆತಿರಲಿಲ್ಲ ಅಕ್ಕಾ. ನಿನ್ನ ದನಿ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಭಾನುವಾರ ಹತ್ತಕ್ಕೆ ಫೋನ್ ಮಾಡು. ಈಗಿನಿಂದಲೇ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾನೆ.