ನಮ್ಮ ಓಣಿಗೆ ಒಂದಿಷ್ಟು ಕತ್ತಲೆ ಬೇಕಾಗಿದೆ

ಪುರಸಭೆಯ ಬೀದಿದೀಪ ವಿಭಾಗದ ಮಾನ್ಯ ಮುಖ್ಯಸ್ಥರೇ,

ಸುದೀರ್ಘ ಸಮಾಲೋಚನೆ, ಎರಡು ಬಾರಿಯ ಚಿಯಾಂಗ್ ಮಾಯ್ ಪ್ರವಾಸ ಹಾಗೂ ಒಂದು ಕೌಟುಂಬಿಕ ಕಲಹದ ತರುವಾಯ, ಹುಣಸೆಮರದ ಓಣಿಯ ಕೊನೆಯ ಮನೆಯು ತನಗೆ ತಕ್ಕ ಒಂದು ಎಲ್‌ಇಡಿ ದೀಪವನ್ನು ಆರಿಸಿಕೊಂಡಿದೆ ಎಂದು ಸಮಸ್ತ ನಾಗರಿಕರಿಗೂ ನೆರೆಯ ಪಟ್ಟಣಗಳಿಗೂ ಈ ಮೂಲಕ ಘೋಷಿಸಲು ಹೆಮ್ಮೆಪಡುತ್ತೇನೆ. ದೀಪ ಬೆಳಿಗ್ಗೆ ಆರಕ್ಕೆ ಹತ್ತುತ್ತದೆ, ಸಂಜೆ ಆರಕ್ಕೆ ಆರುತ್ತದೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆ ಇರುವುದು ಸಂಜೆ ಆರಕ್ಕೆ ಸರಿಯಾಗಿ ಹತ್ತುವ ಇನ್ನೊಂದು ದೀಪದಿಂದ. ಅದು ನಿಮ್ಮದು. ನಮ್ಮ ಕಿಟಕಿಯ ಎದುರಿನ ಕಂಬದಲ್ಲಿದೆ. ಅದು ನನ್ನ ಹೆಂಡತಿಯ ಔಷಧಿಯನ್ನು ಕೊಲ್ಲುತ್ತಿದೆ.

ಒಗಟು ಬೇಡ, ಬಿಡಿಸಿ ಹೇಳುತ್ತೇನೆ. ನನ್ನ ಹೆಂಡತಿ ಬುವಾಪನ್‌ಗೆ ಹೊಟ್ಟೆಯ ಕ್ಯಾನ್ಸರ್. ಆಸ್ಪತ್ರೆಯ ಚಿಕಿತ್ಸೆ ಗಡ್ಡೆಯ ಜೊತೆಗೆ ಅವಳ ಹಸಿವನ್ನೂ ನಿದ್ದೆಯನ್ನೂ ತೆಗೆದುಕೊಂಡು ಹೋಯಿತು, ಕಾಲಿನ ನರಗಳ ಉರಿಯನ್ನು ಮಾತ್ರ ಬಿಟ್ಟುಹೋಯಿತು. ಅನ್ನದ ಬುಟ್ಟಿಯ ಮುಚ್ಚಳ ತೆಗೆದರೆ ಮುಖ ತಿರುಗಿಸುತ್ತಿದ್ದಳು. ಆಗ ಆಸ್ಪತ್ರೆಯ ಗಿಡಮೂಲಿಕೆ ವಿಭಾಗದ ವೈದ್ಯೆ ಗಾಂಜಾ ಎಣ್ಣೆ ಬರೆದುಕೊಟ್ಟರು. ನಾಲಿಗೆಯ ಕೆಳಗೆ ಕೆಲವು ಹನಿ. ಮನೆಯೊಳಗೆ ಒಂದು ಕೋಣೆಯಲ್ಲಿ ನಾಲ್ಕು ಗಿಡ ಬೆಳೆಸಲು ಪರವಾನಗಿ ಸಿಕ್ಕಿತು. ನಾವು ಹೂವು ಕೊಡಬೇಕು, ಅವರು ಎಣ್ಣೆ ಮಾಡಿ ಕೊಡುತ್ತಾರೆ. ಪರವಾನಗಿ ನಮ್ಮ ಗೋಡೆಯ ಮೇಲಿದೆ, ಗಾಜು ಹಾಕಿಸಿದ್ದೇವೆ. ಪೊಲೀಸರು ಬಂದು ನೋಡಿ, ಚಹಾ ಕುಡಿದು ಹೋಗಿದ್ದಾರೆ.

ಹೀಗೆ ನಾನು ಚಿಯಾಂಗ್ ಮಾಯ್‌ನ ದೀಪದ ಅಂಗಡಿಗೆ ಹೋದೆ. ಮಾನ್ಯರೇ, ನೀವು ದೀಪ ತಿಳಿದವರು, ಆದ್ದರಿಂದ ನನ್ನ ಕಷ್ಟ ನಿಮಗೆ ಅರ್ಥವಾದೀತು. ಮೊದಲು ತಂದದ್ದು ನೇರಳೆ ಬಣ್ಣದ್ದು. ಗಿಡಕ್ಕೆ ಕೆಂಪು, ನೀಲಿ ಎರಡೇ ಸಾಕೆಂದು ಯಾರೋ ಹೇಳಿದ್ದರು. ನಮ್ಮದು ಕಂಬಗಳ ಮೇಲೆ ನಿಂತ ಹಳೆಯ ತೇಗದ ಮನೆ. ಹಲಗೆ ಹಲಗೆಯ ನಡುವೆ ಬೆರಳು ತೂರಬಹುದು. ಆ ಸಂದುಗಳಿಂದ ನೇರಳೆ ಬೆಳಕು ಓಣಿಗೆಲ್ಲ ಚೆಲ್ಲಿತು. ಮೂರನೆಯ ದಿನ ಮಟಮಟ ಮಧ್ಯಾಹ್ನ ಒಬ್ಬ ಅಪರಿಚಿತ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಆರಾಮಾಗಿ ಕೂತ.

"ಅಣ್ಣಾ, ಒಂದು ಬಿಯರ್. ಹಾಡಿನ ಪಟ್ಟಿ ಕೊಡಿ" ಅಂದ.

"ಇದು ಮನೆ ಮಾರಾಯ" ಅಂದೆ.

"ಅದಕ್ಕೇ ಬಂದಿದ್ದು. ದೊಡ್ಡ ಕರೋಕೆಗಳಲ್ಲಿ ನಮ್ಮಂಥವರಿಗೆ ಮೈಕೇ ಕೊಡಲ್ಲ."

ಮನೆಯನ್ನು ಹಾಡಿನ ಬಾರು ಮಾಡಿದ ನೇರಳೆ ದೀಪ ಮರಳಿ ಅಂಗಡಿಗೆ ಹೋಯಿತು. ಎರಡನೆಯ ಸಲ ಬಿಳಿಯದನ್ನು ಕೇಳಿದೆ. ಡಬ್ಬದ ಮೇಲೆ ಸಾವಿರ ವಾಟ್ ಎಂದು ಬರೆದಿತ್ತು. ಅಂಗಡಿಯವನು ಅದನ್ನು ಮೀಟರಿಗೆ ಸಿಕ್ಕಿಸಿದ. ನೂರರ ಹತ್ತಿರ ಬಂದು ನಿಂತಿತು.

"ಉಳಿದ ಒಂಬೈನೂರು ಎಲ್ಲಿ?" ಎಂದೆ.

"ಡಬ್ಬದ ಮೇಲಿರೋದು ಆಸೆ ಅಣ್ಣಾ, ಮೀಟರಲ್ಲಿರೋದು ದೀಪ. ನಿಮ್ಮ ನಾಲ್ಕು ಗಿಡಕ್ಕೆ ಒಂದು ಚಿಕ್ಕ ಕೋಣೆಯಷ್ಟು ಜಾಗ ಇದ್ರೆ ಇದೇ ಸಾಕು. ಹೆಚ್ಚಾದ್ರೆ ಎಲೆ ಸುಡತ್ತೆ. ಎಲೆ ಇರೋ ಎತ್ತರದಲ್ಲಿ ಅಂಗೈ ಹಿಡೀರಿ, ಬೆಚ್ಚಗಾದ್ರೆ ದೀಪ ಮೇಲೆತ್ತಿ."

ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗುಣಿ ಇದೆಯೇ, ಫ್ಯಾನು ಸದ್ದು ಮಾಡುತ್ತದೆಯೇ, ಬಿಸಿ ಹೊರಗೆ ಹೋಗಲು ಬೆನ್ನಿಗೆ ಲೋಹದ ಹಲ್ಲುಗಳಿವೆಯೇ, ಎಲ್ಲವನ್ನೂ ಕೇಳಿದೆ. ನೂರು ಪ್ರಶ್ನೆ ಕೇಳಿ ಒಂದು ದೀಪ ತಂದೆ. ಸೊಳ್ಳೆಪರದೆಯ ಕೊಕ್ಕೆಗೆ ಹಗ್ಗ ಕಟ್ಟಿ ತೂಗುಹಾಕಿದೆ. ಬುವಾಪನ್ ಬಾಗಿಲಲ್ಲಿ ನಿಂತು ನೋಡಿದಳು.

"ನನ್ನ ನೋಡೋಕೆ ಬಂದಾಗ ಇದರಲ್ಲಿ ಅರ್ಧ ಪ್ರಶ್ನೇನೂ ಕೇಳಿರ್ಲಿಲ್ಲ ನೀವು" ಎಂದಳು.

ಮೊದಲ ಬೆಳೆ ಚೆನ್ನಾಗಿ ಬಂತು. ಎಣ್ಣೆ ಬಂತು. ಒಂದು ಸಂಜೆ ಬುವಾಪನ್, "ಏನಾದ್ರೂ ಇದೆಯಾ ತಿನ್ನೋಕೆ?" ಎಂದು ಕೇಳಿದಳು. ಮಾನ್ಯರೇ, ಆ ಒಂದು ಮಾತಿಗಾಗಿ ನಾನು ಎಷ್ಟು ಬುದ್ಧವಿಹಾರಗಳಲ್ಲಿ ಮೊಣಕಾಲೂರಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಓಡಿಹೋಗಿ ತೊಂಗ್ಡೀ ಅಣ್ಣನ ಗಾಡಿಯಿಂದ ತೆಂಗಿನಹಾಲಿನ ನೂಡಲ್ಸ್ ಸಾರು, ಖಾವ್ ಸೋಯ್, ತಂದೆ. ಅರ್ಧ ಬಟ್ಟಲು ತಿಂದಳು. ಉಳಿದರ್ಧವನ್ನು ನಾನು ಅಳುತ್ತ ತಿಂದೆ. ಖಾರ ಹೆಚ್ಚಾಗಿತ್ತು ಎಂದು ಹೇಳಿದ್ದೇನೆ.

ಇಲ್ಲಿಂದ ನೀವು ಕಥೆಯೊಳಗೆ ಬರುತ್ತೀರಿ, ನನ್ನ ಅತ್ತೆಯ ಕೈಹಿಡಿದು.

ನನ್ನ ಅತ್ತೆ ಕೇವ್ ಅಜ್ಜಿಯನ್ನು ನೀವು ಮರೆತಿರಲಾರಿರಿ. ಮಗಳು ಆಸ್ಪತ್ರೆಯಲ್ಲಿದ್ದಾಗ ಅವರು ನಮ್ಮ ಕಿಟಕಿಯೆದುರಿನ ಹುಣಸೆಮರದ ಬುಡದ ಗುಡಿಯ ಮುಂದೆ, ಓಣಿ ಕಾಯುವ ಅಜ್ಜಯ್ಯನಿಗೆ ಹರಕೆ ಹೊತ್ತಿದ್ದರು: ಮಗಳು ಮತ್ತೆ ಉಂಡರೆ ನಿನ್ನ ಗುಡಿಗೆ ಇರುಳೆಲ್ಲ ಉರಿಯುವ ದೀಪ ಹಾಕಿಸುತ್ತೇನೆ. ಉಳಿದವರು ಕೆಂಪು ಸೋಡಾ ಬಾಟಲಿಗೆ ಸ್ಟ್ರಾ ಸಿಕ್ಕಿಸಿ ಗುಡಿಯ ಮುಂದಿಟ್ಟು ಹರಕೆ ತೀರಿಸುತ್ತಾರೆ. ನನ್ನ ಅತ್ತೆಗೆ ಸಣ್ಣದು ಗೊತ್ತಿಲ್ಲ. ಮಗಳು ಖಾವ್ ಸೋಯ್ ತಿಂದ ಮರುದಿನವೇ ಅಂಟು ಅನ್ನದ ಬುಟ್ಟಿ ಹಿಡಿದು ನಿಮ್ಮ ಕಚೇರಿಯ ಬೆಂಚಿನಲ್ಲಿ ಹೋಗಿ ಕೂತರು. ದೀಪ ಮಂಜೂರಾಗುವವರೆಗೆ ದಿನಾ ಅಲ್ಲೇ ಊಟ. ನಿಮ್ಮ ಗುಮಾಸ್ತರಿಗೂ ಮೆಣಸಿನಕಾಯಿ ಚಟ್ನಿ ಹಂಚುತ್ತಿದ್ದರಂತೆ. ಕೊನೆಗೆ ನೀವು ಸೋತಿರಿ. ಕಂಬ ಬಂತು, ಅದರ ಮೇಲೆ ದೀಪ ಬಂತು, ಉದ್ಘಾಟನೆಗೆ ನೀವೇ ಬಂದು ರಿಬ್ಬನ್ ಕತ್ತರಿಸಿದಿರಿ. ನೀವೂ ಅತ್ತೆಯೂ ದೀಪವೂ ಇರುವ ಫೋಟೊ ಈಗ ನಿಮ್ಮ ಕುರ್ಚಿಯ ಹಿಂದೆ ತೂಗುತ್ತಿದೆ. ಮೂವರಲ್ಲಿ ದೀಪವೊಂದೇ ನಗುತ್ತಿಲ್ಲ.

ಆದರೆ ಗಾಂಜಾ ಗಿಡ ಹೂಬಿಡಬೇಕಾದರೆ ಅದಕ್ಕೆ ದಿನಕ್ಕೆ ಹನ್ನೆರಡು ತಾಸು ಅಖಂಡ ಕತ್ತಲೆ ಬೇಕು. ನಡುವೆ ಬೆಳಕು ತಾಗುತ್ತಿದ್ದರೆ ಇನ್ನೂ ಬೇಸಿಗೆ ಮುಗಿದಿಲ್ಲವೆಂದು ತಿಳಿದು ಹೂವಿನ ಯೋಚನೆ ಬಿಟ್ಟು ಎಲೆ ಬಿಡುತ್ತದೆ. ಇದನ್ನು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕೆ? ಸೇವಂತಿಗೆ ಬೆಳೆಯುವವರು ಹೂವು ಬೇಗ ಬಾರದಿರಲೆಂದು ಇರುಳಿಡೀ ಹೊಲದ ಮೇಲೆ ಬಲ್ಬು ಉರಿಸುವುದನ್ನು ನೀವೂ ನಾನೂ ನೋಡಿಕೊಂಡೇ ಬೆಳೆದವರು. ನನ್ನ ಅತ್ತೆಯಂತೂ ಪ್ರಾಯವಿಡೀ ಅದೇ ಕೆಲಸ ಮಾಡಿದವರು. ನಾನು ತಡೆಯಲಾರದೆ ಕೇಳಿದೆ:

"ಅತ್ತೇ, ಸೇವಂತಿಗೆಗೆ ದೀಪ ಕಟ್ಟಿ ಹೂವು ನಿಲ್ಲಿಸ್ತಿದ್ದೋರು ನೀವು. ನಿಮಗೆ ಹೊಳೀಲಿಲ್ವಾ?"

"ಹೊಳೀದೆ ಏನು? ಹೂವಿಗೆ ಏನು ಬೇಡ ಅಂತ ನಂಗೊತ್ತು. ಅಜ್ಜಯ್ಯಂಗೆ ಏನು ಕೊಡ್ತೀನಿ ಅಂದಿದ್ದೆ ಅಂತಾನೂ ಗೊತ್ತು. ಮಾತು ಕೊಟ್ಟಾಗ ನನ್ನ ಮಗಳು ಮೂಗಲ್ಲಿ ನಳಿಗೆ ಹಾಕ್ಕೊಂಡು ಮಲಗಿದ್ಲು ಅಳಿಯಾ. ಕಿಟಕಿ ಯಾವ ದಿಕ್ಕಿಗಿದೆ ಅಂತ ಲೆಕ್ಕ ಹಾಕ್ತಾ ಕೂರೋ ಹೊತ್ತಾಗಿತ್ತಾ ಅದು?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ತಿಳಿಸಿ.

ಕಿಟಕಿ ಮುಚ್ಚಬಾರದೇ ಎಂದು ತಾವು ಕೇಳಬಹುದು. ಮುಚ್ಚಿದೆ. ಬೆಳಕು ಒಂದಿಷ್ಟೂ ತೂರದ ದಪ್ಪ ಕಪ್ಪು ಬಟ್ಟೆ ತಂದು, ಕಿಟಕಿಯಿಂದ ಜಗುಲಿಯ ಅಂಚಿನವರೆಗೆ ಆ ಗೋಡೆಗೆಲ್ಲ ಹೊರಗಿನಿಂದ ಇಳಿಬಿಟ್ಟೆ. ಬಟ್ಟೆ ಸಾಲದ ಕಡೆ ಬಿಳಿ ಬಟ್ಟೆ ಸೇರಿಸಿ ಹೊಲಿದೆ. ನಮ್ಮ ದೇಶದಲ್ಲಿ ಮನೆಯ ಮುಂದೆ ಕಪ್ಪು ಬಿಳುಪು ಬಟ್ಟೆ ಇಳಿಬಿದ್ದರೆ ಅದರ ಅರ್ಥವೇನು ಎಂಬುದು ದೀಪದ ಚಿಂತೆಯಲ್ಲಿದ್ದ ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ತೊಂಗ್ಡೀ ಅಣ್ಣ ಹೂಮಾಲೆ ಹಿಡಿದು ಬಂದು ಮೆಟ್ಟಿಲ ಬಳಿ ನಿಂತು ಕಣ್ಣೊರೆಸಿಕೊಂಡ. ಹಿಂದೆಯೇ ಪಕ್ಕದ ಮನೆಯ ಶ್ರೀಓನ್ ಅಕ್ಕ, ಕಪ್ಪು ಬಟ್ಟೆಯುಟ್ಟು, ತಲೆಯ ಮೇಲೆ ಅಕ್ಕಿ ಚೀಲ. ವಿಹಾರದಿಂದ ಒಬ್ಬರು ಬಂದು, ಅಂತ್ಯಕ್ರಿಯೆಗೆ ಕುರ್ಚಿ ಇವತ್ತೇ ಕಳಿಸಬೇಕೋ ನಾಳೆಯೋ ಎಂದು ಮೆಲ್ಲಗೆ ಕೇಳಿದರು. ಗದ್ದಲ ಕೇಳಿ ಬುವಾಪನ್ ಬಾಚಣಿಗೆ ಹಿಡಿದುಕೊಂಡೇ ಹೊರಗೆ ಬಂದಳು.

"ಯಾರು ಹೋದ್ರು ಅಕ್ಕಾ?" ಎಂದು ಗಾಬರಿಯಿಂದ ಕೇಳಿದಳು.

ಶ್ರೀಓನ್ ಅಕ್ಕ ಅಕ್ಕಿ ಚೀಲ ಕೆಳಗಿಟ್ಟರು. ತೊಂಗ್ಡೀ ಅಣ್ಣನೇ ಹೇಳಿದ: "ನೀನೇ ಕಣಮ್ಮ."

"ಹೌದಾ? ನಂಗೆ ಯಾರೂ ಹೇಳ್ಲೇ ಇಲ್ಲ" ಎಂದಳು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಕ್ಕಾ, ಅಕ್ಕಿ ವಾಪಸ್ ತಗೊಂಡು ಹೋಗ್ಬೇಡಿ. ಯಾರು ಸತ್ರೆ ಏನು, ಅನ್ನ ಮಾಡ್ಬಹುದು."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಬಂದು ಬಟ್ಟೆಯನ್ನು ಎರಡೂ ಕೈಯಿಂದ ಹರಿದು ಕಿತ್ತು ಕೆಳಗೆಸೆದರು. ಅದನ್ನು ನೋಡಿದ ಮೇಲೆ ಮತ್ತೆ ಬಟ್ಟೆಯ ಮಾತೆತ್ತುವ ಧೈರ್ಯ ನನಗಿಲ್ಲ. ಒಳಗಿನಿಂದ ಸಂದುಗಳಿಗೆಲ್ಲ ರಟ್ಟು ಬಡಿದು ನೋಡಿದೆ. ಗಾಳಿಯಿಲ್ಲದೆ ಕೋಣೆ ಹಬೆಯ ಪಾತ್ರೆಯಾಯಿತು, ಎರಡು ಗಿಡ ಬೂಸಲು ಹಿಡಿದು ಸತ್ತವು. ದಿನವನ್ನೇ ಮಗುಚಿ ಹಗಲನ್ನು ಕತ್ತಲೆ ಮಾಡೋಣವೆಂದರೆ ಅದೇ ಸಂದುಗಳಿಂದ ಸೂರ್ಯ ಬರುತ್ತಾನೆ. ಬೇರೆ ಕೋಣೆಗೆ ಒಯ್ಯೋಣವೆಂದರೆ ಪರವಾನಗಿ ಇರುವುದು ಈ ಕೋಣೆಗೆ ಮಾತ್ರ. ಹಗಲು ಸೂರ್ಯನ ಪಾಳಿ, ರಾತ್ರಿ ನಿಮ್ಮ ಪಾಳಿ. ನಡುವೆ ಎರಡು ಗಿಡ ಉಳಿದಿವೆ, ಮೊಗ್ಗು ಬರಬೇಕಾದಲ್ಲಿ ಹಸಿರು ಎಲೆ ಚಾಚಿಕೊಂಡು.

ಆಗ ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಗುಮಾಸ್ತೆ ತಾಯಿ ಒಳ್ಳೆಯವರು, ನನ್ನನ್ನು ನೋಡಿದ ಕೂಡಲೇ, "ಅಜ್ಜಿ ಚಟ್ನಿ ಕಳಿಸಿದ್ದಾರಾ?" ಎಂದು ಕೇಳಿದರು. ಅಹವಾಲು ಹೇಳಿಕೊಂಡೆ.

"ದೀಪ ಹಾಕ್ಸಿ ಅಂತ ಬರ್ತಾರೆ, ಕೆಟ್ಟಿದೆ ಅಂತ ಬರ್ತಾರೆ. ಚೆನ್ನಾಗಿ ಉರೀತಿದೆ ಅಂತ ದೂರು ತಂದಿರೋದು ನೀವೊಬ್ರೇ ಅಣ್ಣಾ."

"ಒಂದು ಪಕ್ಕಕ್ಕೆ ಮರೆ ಕಟ್ಟಿದ್ರೆ ಸಾಕಮ್ಮಾ. ಬೆಳಕು ಗುಡಿ ಮೇಲೆ ಬೀಳ್ಲಿ, ಕಿಟಕಿಗೆ ಬೇಡ."

"ಮರೆ ಕಟ್ಟೋಕೆ ನಮ್ಮಲ್ಲಿ ನಿಯಮ ಇಲ್ಲ. ನೀವೇ ಕಟ್ಟಿದ್ರೆ ಸಾರ್ವಜನಿಕ ಆಸ್ತಿಗೆ ಹಾನಿ ಅಂತ ಆಗತ್ತೆ. ದೀಪ ಕೆಟ್ರೆ ಮಾತ್ರ ನಾವು ಕಂಬ ಹತ್ತೋದು."

"ಕೆಟ್ರೆ ಎಷ್ಟು ದಿನಕ್ಕೆ ಬರ್ತೀರಿ?"

ಅವರು ಕಿಟಕಿಯಾಚೆ ನೋಡಿದರು. ಅಲ್ಲಿ ಮಾರುಕಟ್ಟೆ ರಸ್ತೆಯ ಕಂಬ ಕಾಣುತ್ತಿತ್ತು. ಅದರ ದೀಪ ಕೆಟ್ಟು ಎರಡು ಮಳೆಗಾಲ ಕಳೆದಿದೆ, ಒಳಗೆ ಗುಬ್ಬಿ ಗೂಡು ಕಟ್ಟಿದೆ.

ಮಾನ್ಯರೇ, ಹಾಗಾದರೆ ಈ ಊರಿನಲ್ಲಿ ಕತ್ತಲೆಗೆ ಬರವೇನೂ ಇಲ್ಲ. ತಮ್ಮ ದಾಸ್ತಾನಿನಲ್ಲಿ ಬೇಕಾದಷ್ಟಿದೆ. ಹಂಚಿಕೆಯಲ್ಲಿ ಮಾತ್ರ ದೋಷ. ತರಕಾರಿ ಹೊತ್ತ ಹೆಂಗಸರು ಮುಗ್ಗರಿಸುವ ರಸ್ತೆಗೆ ಧಾರಾಳವಾಗಿ ಕತ್ತಲೆ ಕೊಟ್ಟವರು ನಮಗೊಂದು ಕಿಟಕಿಯಗಲದಷ್ಟು ಕೊಡಲಾರಿರಾ? ನಿಮ್ಮ ದೀಪದ ಬೆಳಕನ್ನು ಒಂದು ಪಕ್ಕಕ್ಕೆ ತಡೆದರೆ ನಿಮ್ಮ ಫೋಟೊದ ಹೊಳಪೂ ಒಂದು ಪಕ್ಕಕ್ಕೆ ಕಡಿಮೆಯಾದೀತೆಂಬ ಅಳುಕೇ?

ಅಜ್ಜಯ್ಯನ ಅಡ್ಡಿಯಂತೂ ಇಲ್ಲ. ಹರಕೆಯ ದೀಪಕ್ಕೆ ಮರೆ ಕಟ್ಟಬಹುದೇ ಎಂದು ಅತ್ತೆ ಊದುಬತ್ತಿ ಹಚ್ಚಿ ಕೇಳಿಕೊಂಡು ಬಂದಿದ್ದಾರೆ. "ಅಜ್ಜಯ್ಯ ಒಪ್ಪಿದ್ರು. ಅವರಿಗೂ ಕಣ್ಣು ಚುಚ್ತಿತ್ತಂತೆ, ನನ್ನ ಮನಸ್ಸಿಗೆ ನೋವಾಗತ್ತೆ ಅಂತ ಸುಮ್ನಿದ್ರಂತೆ" ಎಂದರು. ದೇವತೆಯ ಕಚೇರಿಯಿಂದ ಒಂದು ಊದುಬತ್ತಿ ಉರಿಯುವಷ್ಟರಲ್ಲಿ ಉತ್ತರ ಬಂತು. ನಿಮ್ಮದನ್ನು ಕಾಯುತ್ತಿದ್ದೇವೆ.

ಕಾಯುವುದು ಕಷ್ಟವಾಗುತ್ತಿದೆ. ಹೋದ ಬೆಳೆಯ ಎಣ್ಣೆ ಸೀಸೆಯ ತಳದಲ್ಲಿದೆ. ಬೆಳಕಿಗೆ ಹಿಡಿದರೆ ಆಚೆಗಿನ ಗೋಡೆ ಕಾಣುತ್ತದೆ. ಬುವಾಪನ್ ಈಚೆಗೆ, "ಇವತ್ತು ನೋವಿಲ್ಲ, ಎಣ್ಣೆ ಬೇಡ" ಎನ್ನುತ್ತಾಳೆ. ಹೇಳಿ ಒಳಗೆ ಹೋಗುತ್ತಾಳೆ. ಆಮೇಲೆ ಮಡಚಿಟ್ಟ ಟವೆಲಿನ ಅಂಚಿನಲ್ಲಿ ಹಲ್ಲಿನ ಗುರುತು ಇರುತ್ತದೆ. ಈಗ ಕತ್ತಲೆ ಸಿಕ್ಕರೆ ಉಳಿದೆರಡು ಗಿಡ ಇನ್ನೂ ಹೂಬಿಟ್ಟಾವು ಎಂದು ವೈದ್ಯೆ ಹೇಳಿದ್ದಾರೆ. ತಡವಾದರೆ ಇಲ್ಲ. ತಡವೆಂದರೆ ಎಷ್ಟು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸೀಸೆ ಮೊದಲು ಮುಗಿಯುತ್ತದೋ, ನಿಮ್ಮ ಸಭೆಯೋ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಕಂಬ ಇರಲಿ, ದೀಪ ಇರಲಿ, ಫೋಟೊವೂ ಇರಲಿ. ನಮ್ಮ ಕಿಟಕಿಯ ಕಡೆಗೆ ಒಂದು ತಗಡಿನ ಮರೆ ಕಟ್ಟಲು ಈ ವಾರವೇ ಅಪ್ಪಣೆ ಕೊಡಿ. ತಗಡು ನನ್ನದು, ಏಣಿ ನನ್ನದು, ಹತ್ತುವವನೂ ನಾನೇ. ಬಿದ್ದರೆ ಸಾರ್ವಜನಿಕ ಆಸ್ತಿಗೆ ಹಾನಿಯಾಗದಂತೆ ಬೀಳುತ್ತೇನೆ.

ಇಂತಿ,
ನೂರು ಪ್ರಶ್ನೆ ಕೇಳಿ ಒಂದು ದೀಪ ತಂದು, ಕೇಳದೆ ಬಂದ ಇನ್ನೊಂದರ ಕೆಳಗೆ ಕೂತಿರುವ
ಇನ್‌ತಾ
ಹುಣಸೆಮರದ ಓಣಿ, ಕೊನೆಯ ಮನೆ (ಇರುಳಲ್ಲೂ ಸ್ಪಷ್ಟವಾಗಿ ಕಾಣುತ್ತದೆ)

ಈ ಬಹಿರಂಗ ಪತ್ರ ಓದಿದ ಉಳಿದವರಲ್ಲಿ ಒಂದು ಸಣ್ಣ ಕೋರಿಕೆ. ಮರೆ ಕಟ್ಟಲು ಅಂಗಡಿಗಳಲ್ಲಿ ಬಿಸ್ಕತ್ತು ತುಂಬಿಡುವ ಚೌಕಾಕಾರದ ದೊಡ್ಡ ತಗಡಿನ ಡಬ್ಬವೇ ಸರಿ ಎಂದು ತೊಂಗ್ಡೀ ಅಣ್ಣ ಅಳತೆ ಹಿಡಿದು ಹೇಳಿದ್ದಾನೆ. "ದೀಪಕ್ಕೆ ಹಾಕಿ ಮಿಕ್ಕಿದ್ರೆ ಸಾಹೇಬ್ರ ತಲೆಗೂ ಒಂದು ಮುಚ್ಚು, ಮುಖ ತೋರ್ಸೋಕೆ ನಾಚಿಕೆ ಆದೋರು ತಲೆಗೆ ಹಾಕ್ಕೊಳ್ಳೋದು ಅದನ್ನೇ ಅಂತ ನಮ್ಮಲ್ಲಿ ಗಾದೇನೇ ಇದೆಯಲ್ವಾ" ಎಂದದ್ದೂ ಅವನೇ, ನಾನಲ್ಲ. ಅಪ್ಪಣೆ ಬಂದ ದಿನ ಡಬ್ಬವಿಲ್ಲ ಎಂದಾಗಬಾರದು. ನಿಮ್ಮಲ್ಲಿ ಅಂಥದ್ದು ಇದ್ದರೆ, ತುಕ್ಕು ಹಿಡಿದಿದ್ದರೂ ಸರಿ, ಹುಣಸೆಮರದ ಬುಡದಲ್ಲಿ ಇಟ್ಟುಹೋಗಿ. ತಳದಲ್ಲಿ ನಾಲ್ಕು ಬಿಸ್ಕತ್ತು ಉಳಿದಿದ್ದರೆ ತೆಗೆಯಬೇಡಿ. ಬುವಾಪನ್‌ಗೆ ಸಂಜೆ ಹೊತ್ತು ಇನ್ನೂ ಹಸಿವಾಗುತ್ತಿದೆ.