ಹಗ್ಗ ಹಿಡಿದು ನಿಲ್ಲುವ ಹೊತ್ತು

ಆಗಸ್ಟ್ ೧೪, ೨೧೯೧

ನನ್ನ ಮುತ್ತಜ್ಜಿಯ ಮುತ್ತಜ್ಜಿ ಸಣ್ಣತಾಯಮ್ಮನವರಿಗೆ ದೇವೀರಿಯ ನಮಸ್ಕಾರಗಳು.

ನಡುವೆ ನಿಮಗೆ ಗೊತ್ತಿಲ್ಲದ ಪದ ಬಂದರೆ ಮನ್ನಿಸಿ. ನಮ್ಮ ಕಾಲದ ಕನ್ನಡ ಹೀಗಿದೆ. ಬರೀ ಅಜ್ಜಿ ಎನ್ನುತ್ತೇನೆ, ಎಷ್ಟು ಮುತ್ತು ಸೇರಿಸಬೇಕೋ ನನಗೂ ಸರಿಯಾಗಿ ತಿಳಿಯದು.

ನಿಮ್ಮ ಮಾತು ಇಲ್ಲಿ ಮಕ್ಕಳಿಗೂ ಬಾಯಿಪಾಠ. ಕಲ್ಲು ಕ್ವಾರಿಯ ಜೀತದಿಂದ ಬಿಡಿಸಿದ ವರ್ಷ ನಿಮ್ಮನ್ನು ಸ್ವಾತಂತ್ರ್ಯೋತ್ಸವಕ್ಕೆ ಕರೆದಿದ್ದರು. ಬಾವುಟ ಏರಿದ ಮೇಲೆ ಕೃತಜ್ಞತೆಯ ಎರಡು ಮಾತು ಹೇಳಿ ನೀವು ಕೂರಬೇಕಿತ್ತು. ಆ ಕ್ರಮ ನಿಮಗೆ ಗೊತ್ತಿರಲಿಲ್ಲ. ಬಾವುಟ ಏರಿಸಲು ಬಂದಿದ್ದ ಸಾಹೇಬರು ಹಗ್ಗಕ್ಕೆ ಕೈ ಹಾಕಿದ್ದೇ ತಡ, ಮೈಕಿನ ಮುಂದೆ ನಿಂತುಬಿಟ್ಟಿರಿ.

“ಓದ್ ವರ್ಸನೂ ಈ ಬಾವುಟ ಆರಿತ್ತಂತೆ. ನಾವು ಕ್ವಾರಿ ಒಳಗೆ ಕಲ್ಲು ಒಡೀತಿದ್ದೊ, ನಮ್ಗೆ ಕಾಣ್ನಿಲ್ಲ. ಇದು ನಿಮ್ಮಬ್ಬ. ನಮ್ಮಬ್ಬನೂ ಆಗ್ಬೇಕಂದ್ರೆ, ಇನ್ನೂ ಒಳಗವ್ರಲ್ಲ, ಅವ್ರ ಗೇಟು ತಗೀರಿ. ಆಮೇಲ್ ಆರ್ಸಿ ಸ್ವಾಮಿ.”

ನೀವು ಮುಗಿಸುವವರೆಗೂ ಸಾಹೇಬರು ಹಗ್ಗ ಹಿಡಿದೇ ನಿಂತಿದ್ದರಂತೆ. ಪಾಪ, ಕೈ ಸೋತಿರಬೇಕು. ನಿಮ್ಮ ಆ ತಪ್ಪೇ ನಮ್ಮ ಪದ್ಧತಿಯಾಗಿದೆ. ‘ಹಗ್ಗಸೇವೆ’ ಎನ್ನುತ್ತೇವೆ. ಆ ವರ್ಷ ಊರಿನಲ್ಲಿ ಅನ್ಯಾಯಕ್ಕೊಳಗಾದವರು ಮೊದಲು ಮಾತನಾಡುತ್ತಾರೆ. ಅನ್ಯಾಯ ಮಾಡಿದವರಲ್ಲಿ ಹಗ್ಗ ಯಾರು ಹಿಡಿಯಬೇಕೆಂದು ಅವರೇ ಹೇಳುತ್ತಾರೆ. ಹಿಡಿದವರು ಬಾಯಿ ತೆರೆಯುವಂತಿಲ್ಲ. ಮಾತು ಮುಗಿದ ಮೇಲೆಯೇ ಬಾವುಟ ಏರುತ್ತದೆ. ಚಿಕ್ಕಂದಿನಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತು, ಇದೆಲ್ಲ ನಮ್ಮಜ್ಜಿಯಿಂದ ಬಂದದ್ದು ಎಂದು ಬೀಗುತ್ತಿದ್ದೆ.

ಈ ಸಲ ಹಗ್ಗಕ್ಕೆ ಕರೆದಿರುವುದು ನನ್ನ ಹೆಸರು, ಅಜ್ಜಿ.

ನಾನು ನೆರಳುಗದ್ದೆಯ ಮೇಲ್ವಿಚಾರಕಿ. ಬಿಸಿಲು ತಡೆಯಲು ಚಾವಣಿ ಹೊದಿಸಿದ ಹೊಲಕ್ಕೆ ಹಾಗೆನ್ನುತ್ತೇವೆ. ಒಳಗೆ ತಂಪು, ಸೊಪ್ಪು ಹುಲುಸಾಗಿ ಬೆಳೆಯುತ್ತದೆ, ಕೆಲಸದವರು ಅಲ್ಲೇ ಉಂಡು ಮಲಗುತ್ತಾರೆ. ನಮ್ಮ ಕಾಲದ ಬೇಸಿಗೆ ಆಗಸ್ಟಿಗೂ ಮುಗಿಯದು, ಮೂರು ತಿಂಗಳಿಂದ ಗೇಟಿಗೆ ಬೀಗ ಹಾಕಿಸಿದ್ದೆ. ಅವರನ್ನು ಬಿಸಿಲಿನಿಂದ ಕಾಪಾಡುತ್ತಿದ್ದೇನೆ ಎಂದು ನಂಬಿದ್ದೆ. ಚಂಪಾವತಿ ಎಂಬಾಕೆ ತೀರಿಕೊಂಡ ತಾಯಿಯ ಮಣ್ಣಿಗೆ ಹೋಗಬೇಕೆಂದು ಬೇಡಿಕೊಂಡಳು. ಕಟಾವು ಮುಗಿಯಲಿ ಎಂದೆ. ತಾಯಿಯ ಮುಖ ಕಡೆಯ ಸಲ ನೋಡಲೂ ಅವಳಿಗೆ ಸಿಗಲಿಲ್ಲ. ನಾಳೆ ಮಾತನಾಡುವವಳು ಅವಳೇ.

ನಿಮ್ಮ ವಂಶದವಳು ಗೇಟಿನ ಆಚೆ, ಬೀಗ ಹಾಕುವವರ ಬದಿಯಲ್ಲಿ ನಿಂತದ್ದಕ್ಕೆ ನಾಚಿಕೆಯಾಗಿದೆ, ಅಜ್ಜಿ. ಭಯವೂ ಆಗಿದೆ. ಜ್ವರವೆಂದು ಮನೆಯಲ್ಲೇ ಮಲಗಿಬಿಡಲೇ ಎಂದು ಬೆಳಿಗ್ಗೆ ಯೋಚಿಸಿದ್ದು ನಿಜ. ನೀವು ಎದುರಿಗಿದ್ದರೆ ಕಿವಿ ಹಿಂಡುತ್ತಿದ್ದಿರಿ, ಆಮೇಲೆ ತಲೆ ಸವರುತ್ತಿದ್ದಿರಿ ಎಂದುಕೊಳ್ಳುತ್ತೇನೆ.

ಮಧ್ಯಾಹ್ನ ಹೋಗಿ ಬೀಗ ತೆಗೆಸಿ ಬಂದೆ. ನಾಳೆ ಅದನ್ನು ಹೇಳಿಕೊಳ್ಳುವುದಿಲ್ಲ, ಮಾತು ಅವಳದು. ಅವಳು ಎಷ್ಟು ಹೊತ್ತು ಮಾತನಾಡಿದರೂ ಹಗ್ಗ ನನ್ನ ಕೈಯಿಂದ ಜಾರದಿರಲಿ ಎಂದು ಹರಸಿ.

ನಿಮ್ಮ ದೇವೀರಿ