ನನ್ನೊಬ್ಬಳಿಗೇ ಗೊತ್ತಿದ್ದ ಕೆಲಸ

ಮಂಗಳವಾರ, ಮಾರ್ಚ್ ೧೧

ಮ್ಯಾನೇಜರ್ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. ಮಗುವಿಗೆ ಜ್ವರವೆಂದು ನಾನು ರಜೆ ಹಾಕಿದ ದಿನ ನಮ್ಮ ಸಾಫ್ಟ್‌ವೇರಿನ ಹೊಸ ವರ್ಷನ್ ಗ್ರಾಹಕರಿಗೆ ಹೋಗಲೇ ಇಲ್ಲವಂತೆ. ಯಾಕೆ ಅಂತ ಮೀಟಿಂಗಿನಲ್ಲಿ ಕೆದಕುತ್ತಾ ಹೋದರು. ಯಾಕೆ, ಅದಕ್ಕೆ ಯಾಕೆ, ಅದಕ್ಕೂ ಯಾಕೆ. ಕೊನೆಗೆ ಬುಡದಲ್ಲಿ ಸಿಕ್ಕಿದ್ದು ನಾನು. ಅದನ್ನು ಕಳಿಸುವುದು ನನ್ನೊಬ್ಬಳಿಗೇ ಗೊತ್ತು.

"ನಿಮ್ಮ ತಪ್ಪು ಅಂತಲ್ಲ. ಒಬ್ಬರ ತಲೆಯಲ್ಲೇ ಇರೋ ಕೆಲಸ ಇಡೀ ಕಂಪನಿಗೆ ಕುತ್ತು. ಇದು ಸರಿಹೋಗೋ ತನಕ ನಾವು ಮೂರನೇ ಲೆವೆಲ್‌ಗೆ ಏರಲ್ಲ" ಅಂದರು. ಕಂಪನಿಯ ಕೆಲಸದ ಶಿಸ್ತು ಅಳೆದು ಒಂದರಿಂದ ಐದರ ತನಕ ಲೆವೆಲ್ ಕೊಡುವವರು ಬರುವ ಮುಂಚೆ ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗಿಗೆ ಎಲ್ಲ ಕಲಿಸಿಬಿಡಬೇಕು. ಕಲಿಸಿದ ಮೇಲೆ ನಾನ್ಯಾಕೆ ಬೇಕು ಇವರಿಗೆ?

ಊಟಕ್ಕೆ ಕೂತಾಗ ಯಜಮಾನರ ಹತ್ತಿರ ಹೇಳಿಕೊಂಡೆ. ನಕ್ಕರು.

"ಮನೇಲೂ ಅದೇ ತಾನೆ? ಪಾಪುನ ಮಲಗಿಸೋದು ನಿನಗೊಬ್ಬಳಿಗೇ ಗೊತ್ತು. ನಮ್ಮನೆ ಇನ್ನೂ ಒಂದನೇ ಲೆವೆಲ್ ಕಣೇ."

ಮೈಯೆಲ್ಲ ಉರಿದುಹೋಯಿತು. "ಹಾಗಿದ್ರೆ ಇವತ್ತು ನೀವೇ ಮಲಗಿಸಿ" ಅಂದೆ.

"ಆಯ್ತು. ಹೇಗೆ ಅಂತ ಹೇಳ್ಕೊಡು."

ಹೇಳಲು ಹೊರಟರೆ ಬಾಯಿ ತಡವರಿಸಿತು. ಎಡಭುಜದ ಮೇಲೆ ಹಾಕ್ಕೊಳ್ಳಿ, ಬೆನ್ನು ತಟ್ಟಬೇಡಿ, ಸವರಿ, ಕಿಟಕಿ ತನಕ ಹೋಗಿ ಬನ್ನಿ. ಅಲ್ಲಿಗೆ ಮುಗಿಯಿತು. ಇಷ್ಟೇನಾ ನನ್ನ ವಿದ್ಯೆ?

ಈಗ ಅವರು ಪಾಪುನ ಎತ್ತಿಕೊಂಡು ಹೋದ ಕೋಣೆಯಲ್ಲಿ ಅಳು ನಿಂತಿದೆ. ಇಂಥ ಒಂದು ರಾತ್ರಿಗಾಗಿ ಎಷ್ಟು ಹಂಬಲಿಸಿದ್ದೆ. ಕಣ್ಣು ಉರಿಯುತ್ತಿದೆ, ಕೈ ಸೋತಿದೆ, ದಿಂಬು ಪಕ್ಕದಲ್ಲೇ ಇದೆ. ಆದರೂ ಕಿವಿ ಮಾತ್ರ ಬಾಗಿಲ ಕಡೆಗೇ. ಒಂದೇ ಒಂದು ಸಲ ಅತ್ತು ನನ್ನನ್ನು ಕರೆಯಬಾರದಾ?